ಆನಂದಬಾಷ್ಪ

"ಬಿಸ್ಮಿಲ್ಲಾ, ಇಲ್ನೋಡೇ, ಟೀವಿಲಿ ನೀನೇ!" ಎಂದ ಹೊಲಿಗೆ ಅಂಗಡಿಯ ಪರಿಮಳಕ್ಕ ಮರುಕ್ಷಣ ನಾಲಿಗೆ ಕಚ್ಚಿಕೊಂಡರು. ರವಿಕೆಗೆ ಹುಕ್ಕು ಹಚ್ಚುತ್ತಿದ್ದ ಬಿಸ್ಮಿಲ್ಲಾ ಬಿ ತಲೆಯೆತ್ತಿದಳು. ಯಲ್ಲಾಪುರದ ಕೇಬಲ್ ಸುದ್ದಿಯಲ್ಲಿ ಅವಳು ಶಾಸಕರ ಕಾಲು ಹಿಡಿದು ಬಿಕ್ಕುತ್ತಿದ್ದಳು. ಹಿಂದೆ ಶಾಸಕರ ಬಂಟ ಕಿಶೋರ ಅವರಿಗೆ ಕೊಡೆ ಹಿಡಿದಿದ್ದ.

ಅದು ಹೋದ ಮಳೆಗಾಲದ ಚಿತ್ರ. ಮುರುಕು ಕಾಲುಸಂಕದಿಂದ ಜಾರಿ ಮಗಳು ನಗ್ಮಾ ಹಳ್ಳದ ಪಾಲಾದ ದಿನ, ಅದೇ ದಂಡೆಯ ಮೇಲೆ ತೆಗೆದದ್ದು. ಶಾಸಕರು ಇವತ್ತು ಪಕ್ಷ ಹಾರಿ ಮಂತ್ರಿಯಾಗಿದ್ದರು. ಜನರ ನಡುವೆ ಅವರು ನಿಂತ ಚಿತ್ರ ಕೇಬಲ್‌ನವರ ಬಳಿ ಇದ್ದದ್ದು ಅದೊಂದೇ. ಅವಳ ಗೋಳನ್ನು ಅಳಿಸಿ ಶಹನಾಯಿ ಹಾಕಿದ್ದರು. "ನೆಚ್ಚಿನ ನಾಯಕನಿಗೆ ಮಂತ್ರಿ ಪಟ್ಟ, ಮಹಿಳೆಯ ಆನಂದಬಾಷ್ಪ" ಎಂದು ಸುದ್ದಿ ಓದುವವಳು ನಕ್ಕಳು.

ಅಷ್ಟರಲ್ಲಿ ಪೇಡೆಯ ಡಬ್ಬಿ ಹಿಡಿದು ಕಿಶೋರನೇ ಅಂಗಡಿಗೆ ಬಂದ. "ಟೀವಿಲಿ ಚಲೋ ಬಂದೀರಿ ಬಿಡಿ! ಸಾಹೇಬ್ರು ಮಂತ್ರಿ ಆದ್ರು, ಬಾಯಿ ಸಿಹಿ ಮಾಡ್ಕಳಿ."

ಬಿಸ್ಮಿಲ್ಲಾ ಬಿ ಒಂದು ಪೇಡೆ ತೆಗೆದುಕೊಂಡಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಇನ್ನೊಂದು ಕೈಯನ್ನೂ ಚಾಚಿದಳು. "ನನ್ನ ಮಗಳು ನಗ್ಮಾಗೂ ಒಂದು ಕೊಡಿ."

"ಅದಕ್ಕೇನು, ಕೊಡುವ" ಎಂದು ನಗುತ್ತ, ಕಿಶೋರ ಡಬ್ಬಿಯಲ್ಲಿದ್ದ ದೊಡ್ಡ ಪೇಡೆಯನ್ನೇ ಆರಿಸಿ ಕೊಟ್ಟ.