ಹಿಮ ಕರಗುವಷ್ಟು ಹೊತ್ತು

ಪರೀಕ್ಷಾ ಯಂತ್ರದ ಸುತ್ತಿಗೆ ತೂಗಿ ಬಂದು ಉಕ್ಕಿನ ತುಂಡನ್ನು ಮುರಿದು, ಅಡ್ಡ ಏನೂ ಇರಲೇ ಇಲ್ಲವೆಂಬಂತೆ ಆಚೆ ಹೋಯಿತು. ಸಾಂದಾ ಚೂರುಗಳನ್ನು ಎತ್ತಿ ನೋಡಿದಳು. ಒಡೆದ ಮುಖ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು.

"ಈ ಚಳಿಗೆ ಈ ಉಕ್ಕು ಬರೀ ಗಾಜು, ಸಾಹೇಬ್ರೇ. ಕೊಳವೆ ಬಾಯಿಗೆ ಇದರ ಫ್ಲೇಂಜ್ ಬಳೆ ಹಾಕಿದ್ರೆ ಗ್ಯಾಸ್ ಟ್ಯಾಂಕ್ ಸೀಳುತ್ತೆ. ಪಕ್ಕದಲ್ಲಿದ್ದೋರು ಉಳಿಯಲ್ಲ."

"ಹಾಕಿದ್ರೆ ಅಲ್ಲಮ್ಮ, ಹಾಕಾಗಿದೆ. ಬೆಸುಗೆನೂ ಆಗಿದೆ," ಎಂದ ಎಂಜಿನಿಯರ್ ಟ್ರಾಯಾನ್. "ನಾಳೆ ಟ್ಯಾಂಕ್ ಹೊರಡದಿದ್ರೆ ಕಾರ್ಖಾನೆಗೆ ಬೀಗ. ನೀನೂ ನಾನೂ ಮನೆಗೆ ಹೋಗೋದೇ. ಬೇರೆ ತುಂಡು ಹಾಕು."

ತುಂಡುಗಳನ್ನು ತಣಿಸಲು ಇಟ್ಟ, ಚಳಿ ಕೊರೆಯುವ ಆಲ್ಕೋಹಾಲ್ ತೊಟ್ಟಿಯಿಂದ ಅವಳು ಇನ್ನೊಂದು ತುಂಡನ್ನು ಇಕ್ಕಳದಲ್ಲಿ ಎತ್ತಿದಳು. ಅದರ ಮೇಲೆ ಬಿಳಿ ಹಿಮ ಕಟ್ಟಿತು. ಐದು ಸೆಕೆಂಡಿನೊಳಗೆ ಸುತ್ತಿಗೆ ಬೀಳಬೇಕು. ತಡವಾದರೆ ಉಕ್ಕು ಬೆಚ್ಚಗಾಗಿ ಸುಳ್ಳು ಹೇಳುತ್ತದೆ. ಟ್ರಾಯಾನ್ ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದ.

"ಒಂದ್ ಜೋಕ್ ಕೇಳು. ಪಾದ್ರಿಯೊಬ್ಬ ಮೇಕೆ ಹಿಡ್ಕೊಂಡು ರೈಲು ಹತ್ತಿದ್ನಂತೆ. ಟಿಕೆಟ್ ನೋಡೋನು ಬಂದು, 'ಫಾದರ್, ಜೊತೆಲಿರೋರು ಯಾರು?' ಅಂದ..."

ಅವನು ಪಾದ್ರಿಯಂತೆ ಗಡ್ಡ ನೀವಿಕೊಂಡ, ನಿಧಾನವಾಗಿ ಕೆಮ್ಮಿದ. ಹಿಮ ಹನಿಯಾಗಿ ತೊಟ್ಟಿಕ್ಕಿತು. ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಅವನು ಅವಳ ಕೈ ಬಿಟ್ಟ. ಅವಳು ತುಂಡನ್ನು ಯಂತ್ರಕ್ಕಿಟ್ಟಳು.

ಈ ಸಲ ಸುತ್ತಿಗೆ ಸುಸ್ತಾದಂತೆ ತಡವರಿಸಿತು. ತುಂಡು ಬಾಗಿತು, ಮುರಿಯಲಿಲ್ಲ. ಯಂತ್ರದ ಮುಳ್ಳು ತುಂಡು ಪಾಸಾಯಿತೆಂದು ತೋರಿಸಿತು.

ಸಾಂದಾ ಮುಂದಿನ ತುಂಡನ್ನು ಎತ್ತಿದಳು. ಟ್ರಾಯಾನ್ ಅವಳ ಕೈ ಹಿಡಿಯಲಿಲ್ಲ; ಬೆನ್ನು ತಿರುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಇಕ್ಕಳ ಗಾಳಿಯಲ್ಲೇ ನಿಂತಿತು.

"ಆಮೇಲೆ ಪಾದ್ರಿ ಏನಂದ?" ಎಂದಳು.