ಬಾಗಿಲಲ್ಲಿ ಹೇಳಿದ ಮಾತು

ಮನುಷ್ಯರ ಗಂಟಲಿನಿಂದ ದನಿ ಹೋದ ಮೇಲೆ ಎಲ್ಲರೂ ಕೊರಳಿಗೆ ನೇತುಹಾಕಿಕೊಂಡ ಮ್ಯೂಸಿಕ್ ಪ್ಲೇಯರ್‌ಗಳಿಂದಲೇ ಮಾತಾಡುತ್ತಿದ್ದರು. ಅವನ್ನು ತಯಾರಿಸುವ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಹೆಂಗಸರಿಗೆಲ್ಲ ಒಂದೇ ದನಿ. ತಮ್ಮ ಹಳೆಯ ದನಿಯೇ ಬೇಕೆಂದವರು ತಿಪಟೂರಿನ ಇಮ್ತಿಯಾಜನ ಅಂಗಡಿಯಲ್ಲಿ ಬೇರೆ ಸಾಫ್ಟ್‌ವೇರ್ ಹಾಕಿಸಿಕೊಳ್ಳುತ್ತಿದ್ದರು.

ಪುಟ್ಟತಾಯಮ್ಮ ತೀರಿಹೋದ ಸೊಸೆಯ ಪ್ಲೇಯರನ್ನು ಅವನ ಮುಂದಿಟ್ಟು, ಕಂಪನಿಯ ದನಿಯಲ್ಲಿ ಹೇಳಿದರು: "ಇದರಲ್ಲಿರೋ ವನಜಾಕ್ಷಿ ದನಿ ಅಳಿಸ್ಬಿಡಪ್ಪ. ಮೊಮ್ಮಗಳ ಕೊರಳಿಗೆ ಹಾಕ್ಬೇಕು."

"ಮಗೂಗೆ ಅಮ್ಮನ ದನಿ ಬೇಡ್ವಾ?"

"ಬೇಡ. ಅವಳ ಆಪರೇಷನ್ ಹಿಂದಿನ ದಿನ ನಮಗಿಬ್ಬರಿಗೂ ಜಗಳ ಆಗಿತ್ತು. ಮಾರನೇ ದಿನ ಆಸ್ಪತ್ರೆಗೆ ಹೊರಟೋಳು ಬಾಗಿಲಲ್ಲಿ ನನ್ನ ನೋಡಿ 'ಹೋಗಿ' ಅಂದ್ಲು. ಆಪರೇಷನ್ ರೂಮಿಗೆ ಬಿಡಲ್ಲ ಅಂತ ಇದನ್ನ ಗೂಟಕ್ಕೆ ನೇತುಹಾಕಿ ಹೊರಟೇಹೋದ್ಲು. ಹೋಗಿ ಅಂದೋಳನ್ನ ನೋಡೋಕೆ ನಾನ್ಯಾಕೆ ಆಸ್ಪತ್ರೆಗೆ ಹೋಗ್ಲಿ? ಹೋಗ್ಲಿಲ್ಲ. ಅವಳು ವಾಪಸ್ ಬರ್ಲೇ ಇಲ್ಲ."

ಅಳಿಸುವ ಮೊದಲು ಕೊನೆಯ ಮಾತನ್ನು ಒಮ್ಮೆ ಹಾಕಿ ನೋಡುವುದು ಇಮ್ತಿಯಾಜನ ರೂಢಿ. ಗುಂಡಿ ಒತ್ತಿದ. "ಹೋಗಿ" ಎಂದಷ್ಟೇ ಹೇಳಿ ಪ್ಲೇಯರ್ ಸುಮ್ಮನಾಯಿತು. ಮೂಲೆಯಲ್ಲಿ ಬ್ಯಾಟರಿಯ ಕೆಂಪು ದೀಪ ಮಿಣುಕುತ್ತಿತ್ತು.

"ನಾನು ಹಾಕೋ ಸಾಫ್ಟ್‌ವೇರ್‌ನಲ್ಲಿ ಇದೊಂದು ತೊಂದರೆ ಅಮ್ಮ. ಬ್ಯಾಟರಿ ಇಳಿದಿದ್ರೆ ಮಾತಿನ ಕೊನೆ ನುಂಗಿಬಿಡುತ್ತೆ," ಎಂದು ಅವನು ಚಾರ್ಜರ್ ಚುಚ್ಚಿದ. ದೀಪ ಹಸಿರಾಗುವವರೆಗೂ ಕಾದ. ಆಮೇಲೆ ಮತ್ತೆ ಒತ್ತಿದ.

"ಹೋಗಿ ಬರ್ತೀನಿ, ಅತ್ತೆ."

ಪುಟ್ಟತಾಯಮ್ಮನ ಬೆರಳು ತಮ್ಮ ಪ್ಲೇಯರಿನ ಗುಂಡಿಯವರೆಗೂ ಹೋಯಿತು. ಆದರೆ ಆ ಮಾತಿಗೆ ಕಂಪನಿಯ ದನಿಯಲ್ಲಿ ಉತ್ತರ ಕೊಡಲು ಅವರಿಗೆ ಮನಸ್ಸು ಬರಲಿಲ್ಲ. ದನಿಯಿಲ್ಲದ ತುಟಿಗಳಲ್ಲೇ ಅವರು ಹೇಳಿದರು: "ಹೋಗಿ ಬಾರವ್ವ."