ಎಂಟು ನಿಮಿಷದ ದಾರಿ

ನಿನ್ನೆಯಷ್ಟೇ, ಮನೆಗಳನ್ನೇ ಹೊತ್ತು ಸಾಗಿಸುವ ಕ್ರೇನು ರೈಲು ನಾಗವೇಣಿಯ ಮನೆಯನ್ನು ಊರಾಚೆಯ ಲೇಔಟಿನಿಂದ ತುಳಸಿಕಟ್ಟೆ ಸಮೇತ ಎತ್ತಿ ತಂದು, ಮೆಟ್ರೋ ನಿಲ್ದಾಣದ ನೆತ್ತಿಯ ಮೇಲೆ, ಒಂದರ ಮೇಲೊಂದು ನಿಂತ ಮನೆಗಳ ಸಾಲಿಗೆ ಹನ್ನೊಂದನೆಯದಾಗಿ ಪೇರಿಸಿತ್ತು. ಹೊಸ ಎತ್ತರದಲ್ಲಿ ಹಾಲುಕ್ಕಿಸಿದ್ದೂ ಆಯಿತು.

ಆದರೂ ಬೆಳಿಗ್ಗೆ ಆರಕ್ಕೆ, ಹಳೇ ರೂಢಿಯಂತೆ, ನಾಗವೇಣಿ ಬುತ್ತಿ ಹಿಡಿದು ಕೆಳಗಿನ ನಿಲ್ದಾಣಕ್ಕೆ ಓಡಿದಳು. ನಿಲ್ದಾಣದ ಗಾರ್ಡು ಹನುಮಂತಪ್ಪ ನಕ್ಕ.

"ಮನೆ ಇಳಿಸಿದ ಮಾರನೇ ದಿನ ಎಲ್ರೂ ಹಿಂಗೇ ಓಡ್ಬರ್ತಾರಕ್ಕ. ನಿಮ್ಮ ಗಾರ್ಮೆಂಟ್ಸ್‌ಗೆ ಈಗ ಎಂಟೇ ನಿಮಿಷ. ಎಂಟೂವರೆಗೆ ಬನ್ನಿ, ಹೋಗಿ."

ಮರಳಿ ಮೇಲೆ ಬಂದರೆ, ಮಗಳು ಇಂಚರ ತಲೆಗೆ ತಾನೇ ಬಾಚಣಿಗೆ ಹಾಕಿ ಒದ್ದಾಡುತ್ತಿದ್ದಳು.

"ಇವತ್ತು ರಜವಾಮ್ಮ?"

"ಇಲ್ಲ ಕಣೇ. ಕೊಡಿಲ್ಲಿ."

ಮಗಳು ಸ್ಕೂಲಿಗೆ ಸೇರಿ ನಾಲ್ಕು ವರ್ಷ. ಸ್ಕೂಲಿನ ದಿನ ಅಮ್ಮ ಜಡೆ ಹಾಕಿದ್ದು ಇದೇ ಮೊದಲು. ಮುಗಿದಾಗ ಇನ್ನೂ ಏಳಾಗಿರಲಿಲ್ಲ. ಕೆಳಗೆ ಸಾಗಿದ ಮೆಟ್ರೋ ರೈಲಿಗೆ ಮನಸ್ಸಿನಲ್ಲೇ ಕೈಮುಗಿದು, ನಾಗವೇಣಿ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು.